ಹಾಟ್‌ಪ್ಲೇಟ್ ಇರುವ ಮ್ಯಾಗ್ನೆಟಿಕ್ ಸ್ಟಿರರ್: ಆರ್‌ಪಿಎಂಗಿಂತ ಪ್ರೋಬ್ ಮುಖ್ಯ

ದ್ರಾವಣ ತಯಾರಿಸಲು ಮ್ಯಾಗ್ನೆಟಿಕ್ ಸ್ಟಿರರ್ (ತಟ್ಟೆಯಡಿಯ ಕಾಂತದಿಂದ ಪಾತ್ರೆಯೊಳಗಿನ ಚಿಕ್ಕ ಕಾಂತದ ಕಡ್ಡಿಯನ್ನು ತಿರುಗಿಸಿ ದ್ರವ ಕಲಕುವ ಯಂತ್ರ) ಕೊಳ್ಳುವವರು ಮೊದಲು ಕೇಳುವುದು ಎಷ್ಟು ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಎಂದು. 1500 ಎಂದು ಬರೆದಿದ್ದರೂ ನೀರಿನಂಥ ತೆಳು ದ್ರವಕ್ಕೆ 300ರಿಂದ 600 ಧಾರಾಳವಾಯಿತು. ಹರಳಿನ ಮೈಗೆ ಹತ್ತಿಕೊಂಡಿರುವ ತೆಳ್ಳನೆಯ ಪದರದಲ್ಲಿ ಲವಣ ಆಗಲೇ ತುಂಬಿರುತ್ತದೆ. ಕಲಕಿದಾಗ ಆ ಪದರ ಸರಿದು ಹೊಸ ನೀರು ತಾಗುತ್ತದೆ. ಅದರಿಂದ ಬೇಗ ಕರಗುತ್ತದೆಯೇ ಹೊರತು ಹೆಚ್ಚು ಕರಗುವುದಿಲ್ಲ. 20 ಡಿಗ್ರಿಯ 100 ಗ್ರಾಂ ನೀರಿಗೆ 40 ಗ್ರಾಂ ಉಪ್ಪು ಹಾಕಿ ದಿನವಿಡೀ ತಿರುಗಿಸಿದರೂ ಸುಮಾರು 4 ಗ್ರಾಂ ತಳದಲ್ಲೇ ಉಳಿಯುತ್ತದೆ.

ಬಿಸಿ ಮಾಡಿದರೂ ಉಪ್ಪಿಗೆ ಅಂಥ ಲಾಭವಿಲ್ಲ. 100 ಡಿಗ್ರಿಯಲ್ಲಿ ಕರಗುವುದು 39 ಗ್ರಾಂ ಅಷ್ಟೇ. ಪೊಟ್ಯಾಸಿಯಂ ನೈಟ್ರೇಟ್ ಹಾಗಲ್ಲ: 20 ಡಿಗ್ರಿಯಲ್ಲಿ 32 ಗ್ರಾಂ, 60 ಡಿಗ್ರಿಯಲ್ಲಿ 110 ಗ್ರಾಂ ಆಸುಪಾಸು. ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಅಂತೂ ನೀರು ಬಿಸಿಯಾದಷ್ಟೂ ಕಡಿಮೆ ಕರಗುತ್ತದೆ. ಹೀಗೆ ಫಲಿತಾಂಶ ನಿಂತಿರುವುದೇ ದ್ರವದ ಉಷ್ಣತೆಯ ಮೇಲೆ. ಆದರೆ ಅಗ್ಗದ ಮಾದರಿಗಳ ಪರದೆಯಲ್ಲಿ ಕಾಣುವುದು ತಟ್ಟೆಯ ಉಷ್ಣತೆ. ಬೀಕರಿನೊಳಗಿನ ನೀರು ಅದಕ್ಕಿಂತ ಎಷ್ಟೋ ಕೆಳಗಿರುತ್ತದೆ. ಆದ್ದರಿಂದ ಹೆಚ್ಚಿನ ಹಣ ಕೊಡುವುದಿದ್ದರೆ ದ್ರವದಲ್ಲಿ ಮುಳುಗಿ ಅದರ ಉಷ್ಣತೆಯನ್ನೇ ಅಳೆಯುವ ಪ್ರೋಬ್ ಇರುವ ಮಾದರಿಗೇ ಕೊಡಿ. ಪ್ರೋಬನ್ನು ಸ್ಟ್ಯಾಂಡಿಗೆ ಬಿಗಿಯಾಗಿ ಕ್ಲ್ಯಾಂಪ್ ಮಾಡಲೇಬೇಕು. ಅದು ಜಾರಿ ಹೊರಬಿದ್ದರೆ ದ್ರವ ಇನ್ನೂ ಬಿಸಿಯಾಗಿಲ್ಲ ಎಂದುಕೊಂಡು ಯಂತ್ರ ತಟ್ಟೆಯನ್ನು ಕಾಯಿಸುತ್ತಲೇ ಹೋಗುತ್ತದೆ.

ಟೆಫ್ಲಾನ್ ಹೊದಿಕೆಯ ಸ್ಟಿರ್ ಬಾರ್ (ಆ ಕಾಂತದ ಕಡ್ಡಿ) ಬೀಕರಿನ ತಳದ ಅರ್ಧಕ್ಕಿಂತ ತುಸು ಉದ್ದವಿರಲಿ. ವೇಗವನ್ನು ಒಮ್ಮೆಲೇ ಏರಿಸಿದರೆ ಬಾರ್ ಕಾಂತದ ಹಿಡಿತ ತಪ್ಪಿ ಕಟಕಟ ಎಂದು ಗಾಜಿಗೆ ಬಡಿಯುತ್ತದೆ. ಆಗ ಸೊನ್ನೆಗೆ ಇಳಿಸಿ, ಬಾರ್ ನಡುವಿಗೆ ಬಂದ ಮೇಲೆ ನಿಧಾನವಾಗಿ ಏರಿಸಿ. ಗ್ಲಿಸರಿನ್‌ನಂಥ ಮಂದ ದ್ರವಕ್ಕೆ, ದಪ್ಪ ತಳದ ಪಾತ್ರೆಗೆ ಈ ಯಂತ್ರ ಸಾಲದು. ಮೇಲಿನಿಂದ ಇಳಿಬಿಡುವ ಕಲಕುವ ಯಂತ್ರವೇ ಬೇಕು.

ಸೋಡಿಯಂ ಹೈಡ್ರಾಕ್ಸೈಡ್ ಕರಗಿಸುವಾಗ ಹೀಟರ್ ಆಫ್ ಇರಲಿ. ಒಂದು ಲೀಟರಿಗೆ 40 ಗ್ರಾಂ ಹಾಕಿದರೆ ತಾನಾಗಿಯೇ ಸುಮಾರು 10 ಡಿಗ್ರಿ ಏರುತ್ತದೆ. ಸುಮಾರು 800 ಮಿಲಿ ನೀರಿನಲ್ಲಿ ಸ್ವಲ್ಪಸ್ವಲ್ಪವೇ ಹಾಕಿ ಕರಗಿಸಿ, ಪೂರ್ತಿ ತಣಿದ ಮೇಲೆ ವಾಲ್ಯೂಮೆಟ್ರಿಕ್ ಫ್ಲಾಸ್ಕಿಗೆ (ನಿಖರ ಅಳತೆಯ ಗುರುತಿರುವ ಫ್ಲಾಸ್ಕಿಗೆ) ಸುರಿದು, ಬೀಕರ್ ತೊಳೆದ ನೀರನ್ನೂ ಸೇರಿಸಿ ಗುರುತಿನವರೆಗೆ ತುಂಬಿಸಿ. ಬಿಸಿಯಿದ್ದಾಗಲೇ ತುಂಬಿಸಿದರೆ ತಣಿದಾಗ ಮಟ್ಟ ಇಳಿದು, ಸಾಂದ್ರತೆ ಲೆಕ್ಕಕ್ಕಿಂತ ಹೆಚ್ಚಾಗುತ್ತದೆ. ಆಳವಾದ ಸುಳಿಯೂ ಬೇಡ: ಗಾಳಿಯ ಕಾರ್ಬನ್ ಡೈಆಕ್ಸೈಡ್ ಒಳಸೇರಿ ಕಾರ್ಬೊನೇಟ್ ಆಗುತ್ತದೆ.

ಈ ಯಂತ್ರ ನಿಜಕ್ಕೂ ಗೆಲ್ಲುವುದು ಪಾಲಿವಿನೈಲ್ ಆಲ್ಕೋಹಾಲ್‌ನಂಥ ಪುಡಿಗಳಲ್ಲಿ. ಬಿಸಿ ನೀರಿಗೆ ಸುರಿದರೆ ಹೊರಮೈ ಊದಿ ಅಂಟಾಗುತ್ತದೆ, ಒಳಗೆ ಒಣಪುಡಿ ಹಾಗೇ ಉಳಿದು ಗಂಟುಕಟ್ಟುತ್ತದೆ. ತಣ್ಣೀರಿನ ಸುಳಿಯ ಅಂಚಿಗೆ ಚಿಟಿಕೆ ಚಿಟಿಕೆಯಾಗಿ ಉದುರಿಸಿ, ಎಲ್ಲ ಹರಡಿದ ಮೇಲೆ ಪ್ರೋಬಿನಲ್ಲಿ 90 ಡಿಗ್ರಿ ಇಟ್ಟು ಬಿಡಿ. ಬಿಳಿ ಮಬ್ಬು ಕರಗಿ ದ್ರವ ಗಾಜಿನಷ್ಟು ತಿಳಿಯಾದರೆ ಮುಗಿಯಿತು.

ಸೆರಾಮಿಕ್ ತಟ್ಟೆ ಆಮ್ಲ ಚೆಲ್ಲಿದರೂ ತಡೆಯುತ್ತದೆ, ಪೆಟ್ಟು ಬಿದ್ದರೆ ಒಡೆಯುತ್ತದೆ. ಅಲ್ಯೂಮಿನಿಯಂ ಇದಕ್ಕೆ ತದ್ವಿರುದ್ಧ. ಈಥರ್ ಬಳಸುವಲ್ಲಿ ಎರಡೂ ಬೇಡ. ಅದರ ಆವಿಗೆ ಕಿಡಿಯೂ ಬೇಕಿಲ್ಲ, ಸುಮಾರು 160 ಡಿಗ್ರಿ ದಾಟಿದ ತಟ್ಟೆ ತಾಗಿದರೆ ಹೊತ್ತಿಕೊಳ್ಳಬಲ್ಲದು.