ಇಂದಿರಾನಗರದ ರಾಮೆನ್: ಕೋಳಿಯದ್ದು ಧೈರ್ಯವಾಗಿ ತಗೊಳ್ಳಿ, ತರಕಾರಿಯದ್ದಕ್ಕೆ ಮೊದಲು ಕೇಳಿ

ನಮ್ಮ ಕಾಸರಗೋಡು, ಕುಂಬಳೆ ಕಡೆಯ ಎಷ್ಟೋ ಮನೆಗಳ ಮಕ್ಕಳು ಈಗ ಬೆಂಗಳೂರಿನಲ್ಲಿದ್ದಾರೆ. ಅವರನ್ನು ನೋಡಲು ಕಣ್ಣೂರು-ಬೆಂಗಳೂರು ರಾತ್ರಿ ರೈಲು ಹತ್ತುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇಂದಿರಾನಗರದ ಅಡ್ಡರಸ್ತೆಯೊಂದರಲ್ಲಿರುವ ಸಣ್ಣ ಜಪಾನಿ ಹೋಟೆಲಿಗೆ, ರಾಮೆನ್ ಎಂಬ ಬಿಸಿ ಸಾರಿನ ನೂಡಲ್ಸ್ ತಿನ್ನಿಸಲು, ಅಕ್ಕನ ಮಗಳು ನನ್ನನ್ನು ಕರೆದುಕೊಂಡು ಹೋಗಿದ್ದಳು. "ಚಿಕ್ಕಮ್ಮ, ಪ್ಯಾಕೆಟ್ ನೂಡಲ್ಸ್ ಅಂತ ಮಾತ್ರ ಅಂದುಕೊಳ್ಬೇಡಿ" ಅಂದಳು. ಸರಿಯಾಗಿಯೇ ಹೇಳಿದಳು. ಆ ಪ್ಯಾಕೆಟ್ ಹುಟ್ಟಿದ್ದು 1958ರಲ್ಲಿ, ಮೊಮೊಫುಕು ಆಂಡೊ ಎಂಬವರ ಕೈಯಲ್ಲಿ, ಈ ರಾಮೆನ್ ಅನ್ನೇ ಮನೆಯಲ್ಲಿ ಬೇಗ ಮಾಡಿಕೊಳ್ಳಲಿ ಅಂತ. ರುಚಿಯಲ್ಲಿ ಎರಡಕ್ಕೂ ಸಂಬಂಧವೇ ಇಲ್ಲ.

ಜಾಗ ಸಿಕ್ಕಿದರೆ ಅಡುಗೆಯವರ ಎದುರಿನ ಉದ್ದ ಮೇಜಿನಲ್ಲೇ ಕುಳಿತುಕೊಳ್ಳಿ. ಕೆಲಸ ನೋಡುವುದೇ ಒಂದು ಖುಷಿ. ಬಿಸಿನೀರು ಹಾಕಿ ಬಟ್ಟಲನ್ನು ಬೆಚ್ಚಗೆ ಮಾಡುತ್ತಾರೆ. ನೀರು ಚೆಲ್ಲಿ, ತಳಕ್ಕೆ ತಾರೆ ಎನ್ನುವ ಉಪ್ಪುಪ್ಪಾದ ರಸ ಒಂದು ಸೌಟು. ಅದರ ಮೇಲೆ ಕುದಿಯುವ ಸಾರು, ಸ್ವಲ್ಪ ಘಮದ ಎಣ್ಣೆ. ಕೊನೆಗೆ ನೂಡಲ್ಸ್.

ನಾನು ತಗೊಂಡದ್ದು ಕೋಳಿಯ ಶೋಯು ರಾಮೆನ್. ಶೋಯು ಅಂದರೆ ಸೋಯಾ ಸಾಸ್ ಹಾಕಿದ್ದು. ಸಾರು ತಿಳಿಯಾಗಿ, ಕಟ್ಟಂಚಾಯದ, ಅಂದರೆ ಹಾಲು ಹಾಕದ ಚಹಾದ, ಬಣ್ಣದಲ್ಲಿತ್ತು. ತೆಂಗಿನಕಾಯಿ ಇಲ್ಲ, ಮೆಣಸಿಲ್ಲ, ಒಗ್ಗರಣೆ ಇಲ್ಲ. ಆದರೂ ಮೊದಲ ಚಮಚಕ್ಕೇ ಬಾಯಿ ತುಂಬಿತು. ಕೋಳಿ ಎಲುಬನ್ನು ಗಂಟೆಗಟ್ಟಲೆ ಬೇಯಿಸಿ, ಜೊತೆಗೆ ಕೊಂಬು ಎಂಬ ಕಡಲಪಾಚಿ ಹಾಕುತ್ತಾರಂತೆ. 1908ರಲ್ಲಿ ಕಿಕುನೆ ಇಕೆಡಾ ಎಂಬ ವಿಜ್ಞಾನಿ ಉಮಾಮಿ ಎಂಬ, ಸಿಹಿ-ಹುಳಿ-ಉಪ್ಪು-ಕಹಿಗಿಂತ ಬೇರೆಯೇ ಆದ ರುಚಿಯ ಮೂಲವನ್ನು ಹುಡುಕಿ ತೆಗೆದದ್ದು ಇದೇ ಪಾಚಿಯಿಂದ. ಕುಡಿದ ಮೇಲೂ ನಾಲಿಗೆಯಲ್ಲಿ ಉಳಿಯುವ ಆ ರುಚಿಗಾಗಿಯೇ ನಾನು ಮತ್ತೆ ಹೋಗುತ್ತೇನೆ.

ನೂಡಲ್ಸ್ ಗೋಧಿಯದ್ದು. ಹಿಟ್ಟಿಗೆ ಕನ್ಸುಯಿ ಎಂಬ ಕ್ಷಾರದ ನೀರು ಸೇರಿಸುವುದರಿಂದ ಹಳದಿ ಬಣ್ಣ, ಹಲ್ಲಿಗೆ ಸಿಗುವ ಬಿಗಿ. ಆದರೆ ಬಿಸಿ ಸಾರಿನಲ್ಲಿ ಈ ಬಿಗಿ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಫೋಟೋ ಆಮೇಲೆ ತೆಗೆಯಿರಿ, ಮೊದಲು ತಿನ್ನಿ. ಸೊರ್ ಅಂತ ಸದ್ದು ಮಾಡಿ ಎಳೆದುಕೊಂಡರೂ ಅಲ್ಲಿ ಯಾರೂ ತಿರುಗಿ ನೋಡುವುದಿಲ್ಲ, ಜಪಾನಿನಲ್ಲಿ ತಿನ್ನುವ ಕ್ರಮವೇ ಅದು.

ನನಗೆ ತುಂಬಾ ಸಂತೋಷವಾದದ್ದು ಮೇಲಿಟ್ಟಿದ್ದ ಮೆನ್ಮಾ ನೋಡಿ. ಅದು ಕಣಿಲೆ! ಮಳೆಗಾಲದಲ್ಲಿ ನಾವು ಹೆಸರುಕಾಳು ಹಾಕಿ ಗಸಿ ಮಾಡುತ್ತೇವಲ್ವಾ, ಅದೇ ಬಿದಿರಿನ ಮೊಳಕೆ. ನಾವು ಹೆಚ್ಚಿ ನೀರಿನಲ್ಲಿ ನೆನೆಸಿ, ನೀರು ಬದಲಾಯಿಸುತ್ತಾ ಕಹಿ ತೆಗೆಯುತ್ತೇವೆ. ಅವರು ಹುಳಿಬರಿಸಿ, ಒಣಗಿಸಿ, ಆಮೇಲೆ ಸೋಯಾ ಸಾಸಿನಲ್ಲಿ ಬೇಯಿಸುತ್ತಾರೆ. ಕಡಿದರೆ ಕರುಕುರು ಅನ್ನುತ್ತದೆ, ಹಿಂದೆಯೇ ಸ್ವಲ್ಪ ಸಿಹಿ. ಅದನ್ನು ಬೇರೆ ತಟ್ಟೆಯಲ್ಲೂ ಕೊಡುತ್ತಾರೆ, ಖಂಡಿತ ಕೇಳಿ. ಸೋಯಾದಲ್ಲಿ ನೆನೆಸಿಟ್ಟ ಮೊಟ್ಟೆಯೂ ಹದವಾಗಿತ್ತು, ಒಳಗಿನ ಹಳದಿ ಇನ್ನೂ ಅರ್ಧ ಗಟ್ಟಿ.

ಬೇಸರವಾದದ್ದು ಅಕ್ಕನ ಮಗಳ ಬಟ್ಟಲಿನಲ್ಲಿ. ಅವಳು ತಗೊಂಡದ್ದು ತರಕಾರಿ ಮಿಸೊ ರಾಮೆನ್. ಮಿಸೊ ಅಂದರೆ ಸೋಯಾ ಕಾಳನ್ನು ಹುಳಿಬರಿಸಿ ಮಾಡಿದ ಉಪ್ಪುಪ್ಪಾದ ಗಟ್ಟಿ ಮುದ್ದೆ. ಮಿಸೊ ರಾಮೆನ್‌ಗೆ ಹೆಸರಾದ ಊರು ಸಪ್ಪೊರೊ, ಹಿಮ ಬೀಳುವ ಜಾಗ. ಅದು ನಾಲಿಗೆ ಸುಡುವಷ್ಟು ಬಿಸಿಯಾಗಿ ಬರಬೇಕು. ಇಲ್ಲಿ ಬಂದದ್ದು ಉಗುರುಬೆಚ್ಚಗೆ, ಉಪ್ಪೂ ಜಾಸ್ತಿ. ಹೇಳಿದಾಗ ಸಮಾಧಾನದಿಂದಲೇ ತೆಗೆದುಕೊಂಡು ಹೋಗಿ ಬಿಸಿ ಮಾಡಿಕೊಟ್ಟರು, ಆದರೆ ಅಷ್ಟರಲ್ಲಿ ನೂಡಲ್ಸ್ ಮೆತ್ತಗಾಗಿತ್ತು. ಹೊಸದಾಗಿ ಮಾಡಿಕೊಡಬೇಕಿತ್ತು.

ಇನ್ನೊಂದು ಮುಖ್ಯ ವಿಷಯ. ಮೀನು ತಿನ್ನದವರು ತರಕಾರಿ ಎಂದು ಬರೆದದ್ದನ್ನು ಮಾತ್ರ ನೋಡಿ ಆರ್ಡರ್ ಮಾಡಬೇಡಿ. ಜಪಾನಿ ಅಡುಗೆಯ ಮೂಲ ಸಾರಿಗೆ, ಹೊಗೆಯಲ್ಲಿ ಒಣಗಿಸಿದ ಬೊನಿಟೊ ಮೀನಿನ ಚೂರು ಹಾಕುವುದು ಮಾಮೂಲು. ಸಾರಿನಲ್ಲಿ ಮೀನು ಇದೆಯಾ ಅಂತ ಬಿಡಿಸಿ ಕೇಳಿ. ನಾವು ಕೇಳಿದಾಗ ಅವರು ಒಳಗೆ ಹೋಗಿ ವಿಚಾರಿಸಿಕೊಂಡು ಬಂದು, ಮೀನಿಲ್ಲದ್ದು ಬೇರೆ ಮಾಡಿಕೊಡಬಹುದು ಅಂದರು.

ಬಟ್ಟಲಿಗೆ 600 ರೂಪಾಯಿಯ ಮೇಲೆ. ನಮ್ಮೂರಿನ ಲೆಕ್ಕದಲ್ಲಿ ದುಬಾರಿಯೇ, ಆದರೆ ಆ ಕೋಳಿ ಸಾರಿಗೆ ಕೊಟ್ಟ ದುಡ್ಡಿನ ಬಗ್ಗೆ ನನಗೆ ಬೇಸರವಿಲ್ಲ. ಹಸಿವು ಜಾಸ್ತಿ ಇದ್ದರೆ ಇನ್ನೊಂದು ಬಟ್ಟಲು ಬೇಡ, ಸಾರು ಉಳಿಸಿಕೊಂಡು ನೂಡಲ್ಸ್ ಮಾತ್ರ ಕೇಳಿ. ಜಪಾನಿನ ಫುಕುವೋಕ ಕಡೆಯ ಈ ಪದ್ಧತಿ ಇಲ್ಲೂ ಇದೆ. ಶನಿವಾರ, ಭಾನುವಾರ ಹೊರಗೆ ತುಂಬಾ ಹೊತ್ತು ಕಾಯಬೇಕಾಗುತ್ತದೆ, ಹಿರಿಯರು ಜೊತೆಗಿದ್ದರೆ ವಾರದ ದಿನ ಮಧ್ಯಾಹ್ನ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ.