ಗರ್ಭಚೀಲದ ದುರ್ಬೀನು ಪರೀಕ್ಷೆ: ಟೇಬಲ್ ಹತ್ತುವ ಮುಂಚೆ ಇಷ್ಟು ಕೇಳಿ

ಆಳಂದ ಕಡೆಯ ಒಬ್ಬ ತಾಯಿಗೆ ಮುಟ್ಟು ನಿಂತು ಎಷ್ಟೋ ವರ್ಷಗಳ ಮೇಲೆ ರಕ್ತ ಕಾಣಿಸಿತು. ಕಲಬುರಗಿಯ ಒಂದು ಖಾಸಗಿ ದವಾಖಾನೆಯಲ್ಲಿ "ಐದು ನಿಮಿಷದ ಕೆಲಸ ಅದ, ಏನೂ ಆಗಲ್ಲ" ಎಂದು ಹಿಸ್ಟರೋಸ್ಕೋಪಿಗೆ, ಅಂದರೆ ಗರ್ಭಚೀಲದೊಳಗೆ ದುರ್ಬೀನು ಹಾಕಿ ನೋಡುವ ಪರೀಕ್ಷೆಗೆ, ಮಲಗಿಸಿದರು. ರಾತ್ರಿಯಿಂದ ಖಾಲಿ ಹೊಟ್ಟೆ. ನೋವಿನ ಮಾತ್ರೆ ಕೊಟ್ಟದ್ದು ಹತ್ತು ನಿಮಿಷ ಮುಂಚೆ. ಗರ್ಭಚೀಲದ ಬಾಯಿಯನ್ನು ಕೊಕ್ಕೆ ಇಕ್ಕಳದಿಂದ ಹಿಡಿದೆಳೆದು ದಪ್ಪ ಕೊಳವೆ ತೂರಿಸಲು ನೋಡಿದರು. ಆಕೆ ಚೀರಿದರೂ "ಇನ್ನೊಂದು ಸ್ವಲ್ಪ" ಎನ್ನುತ್ತಲೇ ಇದ್ದರು. ಮೈಯೆಲ್ಲ ಬೆವತು, ನಾಡಿ ಇಳಿದು ಎಚ್ಚರ ತಪ್ಪಿತು. ಪರೀಕ್ಷೆ ಅರ್ಧಕ್ಕೇ ಬಿಟ್ಟು ಕೊಟ್ಟ ಸಲಹೆ: "ಗರ್ಭಚೀಲ ತೆಗೆಸಿಬಿಡ್ರಿ."

ಈ ನೋವಿನಲ್ಲಿ ಬಹುಪಾಲು ಪರೀಕ್ಷೆಯದ್ದಲ್ಲ, ಮಾಡಿದ ರೀತಿಯದ್ದು.

ಹಳೆ ಪದ್ಧತಿಯಲ್ಲಿ ಸ್ಪೆಕ್ಯುಲಂ ಎಂಬ ಸಾಧನ ಹಾಕಿ ಯೋನಿ ಅಗಲಿಸಿ, ಟೆನಾಕ್ಯುಲಂ ಎಂಬ ಇಕ್ಕಳದಿಂದ ಗರ್ಭಚೀಲದ ಬಾಯಿ ಹಿಡಿಯುತ್ತಾರೆ. ವೆಜೈನೋಸ್ಕೋಪಿ ಎಂಬ ಇನ್ನೊಂದು ಪದ್ಧತಿಯಲ್ಲಿ ಇವೆರಡೂ ಬೇಡ. ದುರ್ಬೀನಿನ ತುದಿಯನ್ನು ಯೋನಿಯೊಳಗಿಟ್ಟು ಸಲೈನ್ ಬಿಟ್ಟರೆ ನೀರು ತುಂಬಿ ಜಾಗ ತಾನೇ ತೆರೆದುಕೊಳ್ಳುತ್ತದೆ. ಪರದೆ ನೋಡಿಕೊಂಡು ಒಳಗೆ ಹೋಗುವುದಷ್ಟೇ. ಇಟಲಿಯ ವೈದ್ಯ ಬೆಟ್ಟೋಕಿ 1990ರ ದಶಕದಲ್ಲಿ ಬೆಳೆಸಿದ ಈ ದಾರಿಯನ್ನೇ ಬ್ರಿಟನ್ನಿನ ಸ್ತ್ರೀರೋಗ ತಜ್ಞರ ರಾಯಲ್ ಕಾಲೇಜು ಹೊರರೋಗಿಗಳಿಗೆ ಮೊದಲ ಆಯ್ಕೆಯಾಗಿ ಹೇಳುತ್ತದೆ. ಕೈ ಪಳಗಿರಬೇಕು, ಅದು ನಿಜ. ದುರ್ಬೀನಿನ ಮಸೂರ 30 ಡಿಗ್ರಿ ಓರೆಯಾಗಿದ್ದರೆ ಗರ್ಭಚೀಲದೊಳಗೆ ಹೋಗುವ ದಾರಿ ಪರದೆಯ ನಡುವೆ ಅಲ್ಲ, ಕೆಳಗೆ, ಗಡಿಯಾರದ ಆರರ ಜಾಗದಲ್ಲಿ ಕಾಣಬೇಕು. ನಡುವೆ ಇಟ್ಟುಕೊಂಡು ತಳ್ಳಿದರೆ ತುದಿ ಗೋಡೆಗೆ ಗುದ್ದುತ್ತದೆ.

ದಪ್ಪದ ವಿಷಯಕ್ಕೆ ಬಂದರೆ, ಬರೀ ನೋಡುವುದಕ್ಕೆ ಹೊರಕವಚ ಸೇರಿ 3.5 ಮಿ.ಮೀ. ಮೀರದ ದುರ್ಬೀನು ಸಾಕು. ಮುಟ್ಟು ನಿಂತವರ ಗರ್ಭಚೀಲದ ಬಾಯಿ ಕಿರಿದಾಗಿರುವುದರಿಂದ 5 ಮಿ.ಮೀ. ಕೂಡ ಹೆಚ್ಚಾಗಬಹುದು. ಸಲೈನ್ ಚೀಲ ಒಂದು ಮೀಟರ್ ಎತ್ತರಕ್ಕೆ ತೂಗಿದರೆ ಸುಮಾರು 70 ಮಿ.ಮೀ. ಪಾದರಸದಷ್ಟು ಒತ್ತಡ ಬರುತ್ತದೆ, ಸಾಮಾನ್ಯವಾಗಿ ಅಷ್ಟು ಸಾಕು. ಆ ಸಲೈನ್ ಚೀಲಕ್ಕೆ ಪಟ್ಟಿ ಕಟ್ಟಿ ಹಿಂಡಿದರೆ ಗರ್ಭಚೀಲ ಉಬ್ಬಿ ಸೆಳೆತ ಏಳುತ್ತದೆ.

ನೋವಿನ ಮಾತ್ರೆ ಐಬುಪ್ರೊಫೆನ್ 400 ಮಿ.ಗ್ರಾಂ. ತೆಗೆದುಕೊಳ್ಳುವುದಿದ್ದರೆ ಒಂದು ತಾಸು ಮುಂಚೆ, ಊಟದ ಮೇಲೆ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಅಸ್ತಮಾ ಇದ್ದವರು ವೈದ್ಯರನ್ನು ಕೇಳದೆ ನುಂಗಬಾರದು. ಅರಿವಳಿಕೆ ಇಲ್ಲದಿದ್ದರೆ ಉಪವಾಸ ಯಾಕೆ? ಅರ್ಧ ರೊಟ್ಟಿ ತಿಂದೇ ಹೋಗಿ. ಪೂರ್ತಿ ಅರಿವಳಿಕೆ ಇದ್ದರೆ ಮಾತ್ರ ಆರು ತಾಸು ಅನ್ನ-ರೊಟ್ಟಿ ಬಿಡಬೇಕು. ಮುಟ್ಟಾಗುವವರು ಮುಟ್ಟು ಮುಗಿದ ಕೂಡಲೇ ಬರುವ ದಿನಗಳಲ್ಲಿ ಹೋದರೆ ಒಳಪದರ ತೆಳ್ಳಗಿದ್ದು ಚೆನ್ನಾಗಿ ಕಾಣುತ್ತದೆ.

ಹೋದಾಗ ನಾಚದೆ ಕೇಳಿ: "ಇಕ್ಕಳ ಹಾಕ್ತೀರೇನ್ರಿ? ದುರ್ಬೀನು ಎಷ್ಟು ದಪ್ಪ ಅದರಿ? ಸಾಕಂದ್ರ ನಿಲ್ಲಸ್ತೀರೇನ್ರಿ?" ಮೂರನೆಯದಕ್ಕೆ ಉತ್ತರ ಹಾರಿಸಿದರೆ ಎದ್ದು ಬನ್ನಿ. ತಡೆಯಲಾಗದಿದ್ದರೆ ಗರ್ಭಚೀಲದ ಬಾಯಿಯ ಸುತ್ತ ಮರಗಟ್ಟಿಸುವ ಇಂಜೆಕ್ಷನ್ ಇದೆ, ಇನ್ನೊಂದು ದಿನ ಅರಿವಳಿಕೆ ಕೊಟ್ಟು ಮಾಡುವ ದಾರಿಯೂ ಇದೆ.

ನೋವಿಗೆ ಹೆದರಿ ಪರೀಕ್ಷೆಯನ್ನೇ ಬಿಡಬೇಡಿ. ಮುಟ್ಟು ನಿಂತ ಮೇಲಿನ ರಕ್ತ ಕ್ಯಾನ್ಸರಿನ ಮೊದಲ ಸುಳಿವಾಗಿರಬಹುದು. ಹಾಗಂತ ಬಯಾಪ್ಸಿ (ಒಳಪದರದ ತುಣುಕು ತೆಗೆದು ನೋಡುವ ಪರೀಕ್ಷೆ) ರಿಪೋರ್ಟ್ ಕೈಗೆ ಬಾರದೆ ಗರ್ಭಚೀಲ ತೆಗೆಸಲು ಸಹಿ ಹಾಕಲೂಬೇಡಿ; ನಮ್ಮ ಜಿಲ್ಲೆಯ ತಾಂಡಾಗಳಲ್ಲಿ ಬೇಕಿಲ್ಲದೆ ಗರ್ಭಚೀಲ ಕಳಕೊಂಡವರ ಸುದ್ದಿ ಪತ್ರಿಕೆಗಳಲ್ಲೇ ಬಂದಿದೆ.

ಪರೀಕ್ಷೆ ಆದ ಕೂಡಲೇ ಬಸ್ ಹತ್ತಬೇಡಿ, ಅರ್ಧ ತಾಸು ಮಲಗಿ. ಒಂದೆರಡು ದಿನ ಸಣ್ಣ ಸೆಳೆತ, ಕಲೆಯಷ್ಟು ರಕ್ತ ಸಹಜ. ಜ್ವರ, ವಾಸನೆಯ ಸ್ರಾವ, ಏರುತ್ತಲೇ ಹೋಗುವ ಹೊಟ್ಟೆನೋವು, ತಾಸಿಗೊಂದು ಪ್ಯಾಡ್ ತೊಯ್ಯುವಷ್ಟು ರಕ್ತ ಕಂಡರೆ ಬೆಳಗಿನವರೆಗೆ ಕಾಯದೆ ದವಾಖಾನೆಗೆ ಹೋಗಿ.