ಹಾಸನದ ಶುಗರ್ ಕ್ಲಿನಿಕ್: ಕಾಲು ಚೆನ್ನಾಗಿ ನೋಡುತ್ತಾರೆ, ಚೆನ್ನಾಗಿ ಕಾಯಿಸುತ್ತಾರೆ

ತಿಂಗಳ ಮಾತ್ರೆ ಬರೆಸಿಕೊಳ್ಳೋದಕ್ಕಷ್ಟೇ ಆದರೆ ಇಲ್ಲಿಗೆ ಹೋಗಬೇಡಿ. ನಿಮ್ಮೂರಿನ ಡಾಕ್ಟ್ರೇ ಸಾಕು. ವರ್ಷಕ್ಕೊಂದು ಸಲ ಕಣ್ಣು, ಕಾಲು, ಕಿಡ್ನಿ ಎಲ್ಲಾ ಸೇರಿಸಿ ನೋಡಿಸಬೇಕು ಅಂತಿದ್ದರೆ ಹೋಗಿ. ಕ್ಲಿನಿಕ್ಕಿನ ಹೆಸರು ಬರೆಯುವುದಿಲ್ಲ, ಬೈಯೋದೂ ಸ್ವಲ್ಪ ಇದೆ.

ಅಪ್ಪನಿಗೆ ಮೊದಲು ಬೇಲೂರಿನಲ್ಲೇ ತೋರಿಸುತ್ತಿದ್ದೆವು. ಶುಗರ್, ಬಿ.ಪಿ. ನೋಡಿ ಅದೇ ಮಾತ್ರೆ ಮುಂದುವರಿಸಿ ಅನ್ನುತ್ತಿದ್ದರು. ಚಪ್ಪಲಿ ಬಿಚ್ಚಿ ಅಂತ ಯಾರೂ ಹೇಳಿರಲಿಲ್ಲ. ಇಲ್ಲಿ ಮೊದಲು ಹೇಳಿದ್ದೇ ಅದು.

ಸಿಸ್ಟರ್ ಒಬ್ಬರು ಅಪ್ಪನನ್ನು ಮಲಗಿಸಿ, ಕಣ್ಣು ಮುಚ್ಚಿಸಿ, ಗಾಳದ ದಾರದಂಥ ನೈಲಾನ್ ಎಳೆಯೊಂದನ್ನು ಪಾದದ ಅಲ್ಲಲ್ಲಿ ಅದು ಬಾಗುವಷ್ಟು ಒತ್ತುತ್ತಾ ಹೋದರು. ಸರಿಯಾಗಿ 10 ಗ್ರಾಂ ಭಾರಕ್ಕೆ ಬಾಗುವ ಎಳೆ ಅದು. "ಯಜಮಾನ್ರೆ, ಮುಟ್ಟಿದಾಗೆಲ್ಲ ಹೂಂ ಅನ್ನಿ." ಬಲಗಾಲಿಗೆ ಹೂಂ, ಹೂಂ ಬಂತು. ಎಡಗಾಲಿನ ಹೆಬ್ಬೆರಳಿನ ಕೆಳಗೆ ಎಳೆ ಬಾಗಿಯೇ ನಿಂತಿದೆ, ಅಪ್ಪ ಸುಮ್ನೆ ಮಲಗಿದ್ದಾರೆ. ಕೊನೆಗೆ "ಇನ್ನೂ ಶುರು ಮಾಡಿಲ್ವೇನಮ್ಮಾ?" ಅಂತ ಅವರೇ ಕೇಳಿದರು.

ಅಲ್ಲಿಂದ ಮುಂದೆ ಡಾಕ್ಟ್ರು ಬೇರೆ ಥರವೇ ಮಾತಾಡಿದರು. ಗದ್ದೆಗೆ ಬರಿಗಾಲಲ್ಲಿ ಇಳಿಯಬಾರದು, ದಿನಾ ರಾತ್ರಿ ಪಾದ ನೋಡಿಕೊಳ್ಳಬೇಕು, ಬಗ್ಗೋಕಾಗದಿದ್ದರೆ ಕನ್ನಡಿ ಇಟ್ಟುಕೊಳ್ಳಿ ಅಂದರು. ವಿಟಮಿನ್ ಬಿ12 ಪರೀಕ್ಷೆಯನ್ನೂ ಬರೆದರು. ಮೆಟ್‌ಫಾರ್ಮಿನ್ ಅನ್ನೋ ಶುಗರ್ ಮಾತ್ರೆ ವರ್ಷಗಟ್ಟಲೆ ತಗೊಂಡರೆ ಬಿ12 ಕಮ್ಮಿಯಾಗಬಹುದಂತೆ, ಅದರಿಂದಲೂ ಕಾಲು ಜೋಮು ಹಿಡಿಯುತ್ತದಂತೆ. ಇಷ್ಟು ವರ್ಷ ಆ ಮಾತ್ರೆ ನುಂಗಿದವರಿಗೆ ಇದನ್ನು ಒಬ್ಬರಾದರೂ ಹೇಳಬೇಕಿತ್ತು ಅಲ್ವಾ?

ಎಚ್‌ಬಿಎ1ಸಿ ಅನ್ನೋ ರಕ್ತಪರೀಕ್ಷೆ ಅಂತೂ ಮಾಡಿಯೇ ಮಾಡುತ್ತಾರೆ. ನಮ್ಮ ಕಡೆ ಟೆಸ್ಟಿಗೆ ಎರಡು ದಿನ ಮುಂಚೆ ಪಥ್ಯ ಹಿಡಿದು ಡಾಕ್ಟ್ರ ಹತ್ರ ಶಭಾಷ್‌ಗಿರಿ ತಗೊಳ್ಳೋರೇ ಜಾಸ್ತಿ. ಇದು ಎರಡು ಮೂರು ತಿಂಗಳ ಶುಗರ್ ಸರಾಸರಿ ಹೇಳುವ ಟೆಸ್ಟು, ಆ ಆಟ ನಡೆಯಲ್ಲ. ಡಯಟ್ ಹೇಳುವ ಹುಡುಗಿಯೂ ಗಟ್ಟಿಗಿತ್ತಿ. "ರಾಗಿ ಅಂತ ಮೂರು ಮುದ್ದೆ ಹೊಡೆದ್ರೆ ಶುಗರ್ ಏರದೆ ಇರುತ್ತಾ? ಒಂದು ಸಾಕು, ಸೊಪ್ಪು ಜಾಸ್ತಿ ಹಾಕ್ಕೊಳ್ಳಿ." ಅಪ್ಪನಿಗೆ ಈ ಮಾತೊಂದು ಇನ್ನೂ ಜೀರ್ಣ ಆಗಿಲ್ಲ.

ಈಗ ಬೈಗುಳ. ಬೆಳಿಗ್ಗೆ ಖಾಲಿ ಹೊಟ್ಟೇಲಿ ಬನ್ನಿ ಅಂತ ಕರೆಸಿ, ಟೋಕನ್ ಕೊಟ್ಟು, ರಕ್ತ ತೆಗೆಯೋ ಹೊತ್ತಿಗೇ ವಯಸ್ಸಾದವರು ಬಾಡಿಹೋಗಿರುತ್ತಾರೆ. ಇನ್ಸುಲಿನ್ ತಗೊಳ್ಳೋರನ್ನು ಹೀಗೆ ಉಪವಾಸ ಕೂರಿಸೋದು ತಮಾಷೆಯಲ್ಲ, ಶುಗರ್ ಇಳಿದು ಬಿದ್ದರೆ ಏನು ಗತಿ? ಶುಗರ್ ಆಸ್ಪತ್ರೆಯವರಿಗೇ ಇದು ಗೊತ್ತಾಗಲ್ವಾ?

ಒಳಗಿನ ಮೆಡಿಕಲ್‌ನಲ್ಲಿ ದುಬಾರಿ ಬ್ರ್ಯಾಂಡ್ ಮಾತ್ರ ಇಟ್ಟಿದ್ದಾರೆ. ಶುಗರ್‌ಗೆ ಕೊಡೋ ಸಿಟಾಗ್ಲಿಪ್ಟಿನ್ ಮಾತ್ರೆಯ ಪೇಟೆಂಟ್ 2022ಕ್ಕೆ ಮುಗಿಯಿತು, ಎಂಪಾಗ್ಲಿಫ್ಲೋಜಿನ್‌ದು 2025ರ ಮಾರ್ಚ್‌ನಲ್ಲಿ. ಆಮೇಲೆ ನಮ್ಮ ದೇಶದ ಎಷ್ಟೋ ಕಂಪನಿಗಳು ಅದೇ ಮಾತ್ರೆಯನ್ನು ತುಂಬಾ ಕಡಿಮೆಗೆ ಬಿಟ್ಟಿವೆ. ಡಾಕ್ಟ್ರನ್ನು ಬಾಯಿಬಿಟ್ಟು ಕೇಳಿದೆ, ಮರುಮಾತಿಲ್ಲದೆ ಬದಲಾಯಿಸಿ ಬರೆದುಕೊಟ್ಟರು. ಕೇಳದಿದ್ದರೆ ಆ ಬಿಲ್ಲೇ ಗತಿ.

ಇನ್ನೊಂದು. ಕಣ್ಣಿನ ಫೋಟೋವನ್ನು ಯಾವುದೋ ಸಂಶೋಧನೆಗೆ ಬಳಸುತ್ತೇವೆ, ಸಹಿ ಹಾಕಿ ಅಂತ ಇಂಗ್ಲಿಷ್ ಫಾರಂ ಕೊಟ್ಟರು. ಸಂಶೋಧನೆ ಆಗಲಿ, ಬೇಡ ಅನ್ನಲ್ಲ. ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್‌ನವರು ಊರೂರು ಸುತ್ತಿ ಲೆಕ್ಕ ಹಾಕಿದ್ದಕ್ಕೇ ಅಲ್ವಾ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಸಕ್ಕರೆ ಕಾಯಿಲೆ ಇದೆ ಅಂತ 2023ರಲ್ಲಿ ಗೊತ್ತಾಗಿದ್ದು. ಆದರೆ ಸಹಿ ಹಾಕೋರಿಗೆ ಓದೋಕೆ ಬರಬೇಕಲ್ಲ. ಕನ್ನಡ ಫಾರಂ ಕೇಳಿ ತಗೊಳ್ಳಿ. ಇಷ್ಟ ಇಲ್ಲದಿದ್ದರೆ ಬೇಡ ಅನ್ನಿ, ಅದಕ್ಕೆ ಚಿಕಿತ್ಸೆ ನಿಲ್ಲಿಸೋ ಹಾಗಿಲ್ಲ.

ಸೋಮವಾರ ಮಾತ್ರ ಹೋಗಬೇಡಿ, ಜಾತ್ರೆ. ಕಣ್ಣಿಗೆ ಡ್ರಾಪ್ಸ್ ಹಾಕಿದ ಮೇಲೆ ಕೆಲವು ಗಂಟೆ ಎಲ್ಲಾ ಮಂಜುಮಂಜು, ತೋರಿಸಿಕೊಳ್ಳೋರೇ ಬೈಕ್ ಓಡಿಸಿಕೊಂಡು ಬರಬೇಡಿ.